ಸಂದರ್ಶನಕ್ಕೆ ಮೊದಲ ಪಾಠ: ಹುಟ್ಟಿದ ತಾಲ್ಲೂಕು

‘ಭೀಮಾ ನದಿ ನಿಮ್ಮ ತಾಲ್ಲೂಕಿನಲ್ಲೇ ಹರಿಯುತ್ತದೆ. ಆದರೂ ನಿಮ್ಮ ಜನ ಗುಳೆ ಹೋಗುವುದೇಕೆ?’

ಅಫಜಲಪುರದ ಯುವಕನೊಬ್ಬ ಆಡಳಿತ ಸೇವೆಯ ಸಂದರ್ಶನಕ್ಕೆ ಕುಳಿತರೆ ಇಂಥ ಪ್ರಶ್ನೆ ಎದುರಾಗುವುದು ಸಹಜ. ಇದಕ್ಕೆ ಸಿದ್ಧ ಉತ್ತರ ಯಾವ ಗೈಡಿನಲ್ಲೂ ಸಿಗದು. ದೇಶವಿದೇಶಗಳ ರಾಜಧಾನಿಗಳನ್ನೆಲ್ಲ ಬಾಯಿಪಾಠ ಮಾಡಿದವರೂ ಇಲ್ಲಿ ತಡವರಿಸುವುದುಂಟು.

ಆಡಳಿತ ಸೇವೆಗೆ ಸೇರುವವರು ಮುಂದೆ ನೀತಿಗಳನ್ನು ರೂಪಿಸಬೇಕು, ಜಾರಿಗೆ ತರಬೇಕು. ಆದ್ದರಿಂದ ಸಂದರ್ಶನ ಮಂಡಳಿ ಅಳೆಯುವುದು ಮಾಹಿತಿಯನ್ನಲ್ಲ, ಅದು ಲಿಖಿತ ಪರೀಕ್ಷೆಯಲ್ಲೇ ಮುಗಿದಿರುತ್ತದೆ. ಅಭ್ಯರ್ಥಿಯ ವಿವೇಚನೆ, ಸಮತೋಲನ, ಪ್ರಾಮಾಣಿಕತೆ ಇಲ್ಲಿ ಮುಖ್ಯ.

ಅಂಕಗಳ ಲೆಕ್ಕ

ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯಲ್ಲಿ ಒಟ್ಟು 2025 ಅಂಕಗಳ ಪೈಕಿ ಸಂದರ್ಶನಕ್ಕೆ 275. ಕರ್ನಾಟಕ ಲೋಕಸೇವಾ ಆಯೋಗ 2024ರಲ್ಲಿ ಅರ್ಜಿ ಕರೆದ 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಮುಖ್ಯ ಪರೀಕ್ಷೆ 1250 ಅಂಕಗಳದ್ದಾದರೆ, ವ್ಯಕ್ತಿತ್ವ ಪರೀಕ್ಷೆ ಕೇವಲ 25 ಅಂಕಗಳದ್ದು. ಹಿಂದೆ ಇದು 200 ಇತ್ತು. ಹಾಗೆಂದು ಉದಾಸೀನ ಸಲ್ಲದು. ಒಂದೆರಡು ಅಂಕಗಳ ಅಂತರದಲ್ಲಿ ಹುದ್ದೆಯೇ ಕೈತಪ್ಪಬಹುದು.

ಊರೇ ಪಠ್ಯ

ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ರಾಜ್ಯದ 39 ತಾಲ್ಲೂಕುಗಳನ್ನು ‘ಅತ್ಯಂತ ಹಿಂದುಳಿದವು’ ಎಂದು ಗುರುತಿಸಿತು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿವೆ. ಇಲ್ಲಿ ಬೆಳೆದ ವಿದ್ಯಾರ್ಥಿ ಇದಕ್ಕಾಗಿ ನಾಚಬೇಕಿಲ್ಲ. ನೀತಿಯ ಪ್ರಶ್ನೆಗಳನ್ನು ಆತ ಮನೆಯಂಗಳದಲ್ಲೇ ಕಂಡಿದ್ದಾನೆ.

ಆಳಂದದವರಿಗೆ ಅಮರ್ಜಾ ಜಲಾಶಯ ಗೊತ್ತು. 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯ ಅದೇ ತಾಲ್ಲೂಕಿನ ಕಡಗಂಚಿಯಲ್ಲಿದೆ. ಅದು ಬಂದ ಮೇಲೆ ಸುತ್ತಲಿನ ಹಳ್ಳಿಗಳಲ್ಲಿ ಏನು ಬದಲಾಯಿತು? ಅಫಜಲಪುರದ ಭೀಮೆಯ ನೀರು ಮಹಾರಾಷ್ಟ್ರದ ಉಜನಿ ಜಲಾಶಯವನ್ನೂ ಅವಲಂಬಿಸಿದೆ; ಸೊನ್ನ ಬ್ಯಾರೇಜಿನಿಂದ ರೈತರಿಗೆ ಎಷ್ಟು ಪ್ರಯೋಜನವಾಗಿದೆ? ನಾರಾಯಣಪುರ ಎಡದಂಡೆ ಕಾಲುವೆಯ ಜೇವರ್ಗಿ ಶಾಖೆಯಲ್ಲಿ ಕೊನೆಯ ಹೊಲದವರೆಗೆ ನೀರು ಮುಟ್ಟುತ್ತದೆಯೇ? ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಅದರಿಂದ ರೈತನ ಕೈಗೆ ಬಂದದ್ದೇನು?

ಇಂಥ ಒಂದೊಂದು ಪ್ರಶ್ನೆಗೂ ನಾಲ್ಕು ಸಾಲು ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸ: ಸಮಸ್ಯೆಗೆ ಕಾರಣವೇನು, ಈಗಿನ ಯೋಜನೆ ಏನು ಮಾಡುತ್ತಿದೆ, ಎಲ್ಲಿ ಸೋಲುತ್ತಿದೆ, ಯಾವ ಬದಲಾವಣೆ ಸಾಧ್ಯ. ಎಪಿಎಂಸಿ, ರೈತ ಸಂಪರ್ಕ ಕೇಂದ್ರ, ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ದಿನ ಕಳೆದರೆ ಉತ್ತರಕ್ಕೆ ಜೀವ ಬರುತ್ತದೆ. ಸರ್ಕಾರವನ್ನು ಬೈದರಷ್ಟೇ ಉತ್ತರವಾಗದು, ಹೊಗಳಿದರೂ ಆಗದು. ಗೊತ್ತಿಲ್ಲದ್ದನ್ನು ‘ಗೊತ್ತಿಲ್ಲ ಸರ್’ ಎಂದು ಒಪ್ಪಿಕೊಳ್ಳುವುದು ದೌರ್ಬಲ್ಯವಲ್ಲ. ಅರ್ಜಿಯಲ್ಲಿ ಇಲ್ಲದ ಹವ್ಯಾಸ ಬರೆದವರು ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ.

ಭಾಷೆಯ ಅಂಜಿಕೆ

ಇಂಗ್ಲಿಷ್ ಬಾರದೆಂದು ಹಿಂಜರಿಯುವವರೇ ಹೆಚ್ಚು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರು ಕೇಂದ್ರ ಆಯೋಗದ ಸಂದರ್ಶನವನ್ನೂ ಕನ್ನಡದಲ್ಲೇ ಎದುರಿಸಬಹುದು. ಕಲಬುರಗಿ ಸೀಮೆಯ ಮಾತಿನ ಧಾಟಿ ತಪ್ಪಲ್ಲ, ಅಸ್ಪಷ್ಟ ವಿಚಾರ ತಪ್ಪು. ಅಧ್ಯಾಪಕರೋ ಸ್ನೇಹಿತರೋ ಎದುರು ಕುಳಿತು ನಡೆಸುವ ಅಣಕು ಸಂದರ್ಶನಗಳು ಈ ಅಂಜಿಕೆಯನ್ನು ಕಳೆಯುತ್ತವೆ.

ಪಾಲಕರ ಪಾತ್ರ

ಸಂವಿಧಾನದ 371(ಜೆ) ವಿಧಿಯಡಿ 2013ರಿಂದ ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದ ‘ಎ’ ಮತ್ತು ‘ಬಿ’ ಗುಂಪಿನ ಹುದ್ದೆಗಳಲ್ಲಿ ಶೇ 75, ‘ಸಿ’ ಗುಂಪಿನಲ್ಲಿ ಶೇ 80ರಷ್ಟು ಮೀಸಲಾತಿ ಇದೆ. ಇದಕ್ಕೆ ಉಪವಿಭಾಗಾಧಿಕಾರಿ ನೀಡುವ ಅರ್ಹತಾ ಪ್ರಮಾಣಪತ್ರ ಬೇಕು. ಈ ಮೂರೂ ತಾಲ್ಲೂಕುಗಳು ಕಲಬುರಗಿ ಉಪವಿಭಾಗಕ್ಕೆ ಸೇರಿವೆ. ಅರ್ಜಿಯ ಕೊನೆಯ ದಿನ ಓಡಾಡುವ ಬದಲು ಶಾಲಾ ದಾಖಲೆ, ವಾಸಸ್ಥಳದ ದಾಖಲೆಗಳನ್ನು ಹೊಂದಿಸಿಟ್ಟು ಪ್ರಮಾಣಪತ್ರವನ್ನು ಮೊದಲೇ ಪಡೆಯುವುದು ಲೇಸು.

ತಂದೆತಾಯಿ ಮಾಡಬಹುದಾದ ಇನ್ನೊಂದು ಕೆಲಸಕ್ಕೆ ಕಾಸಿನ ಖರ್ಚಿಲ್ಲ. ರಾತ್ರಿ ಊಟದ ಹೊತ್ತಿನಲ್ಲಿ ಹೊಲದ ಖರ್ಚು, ತೊಗರಿಯ ಧಾರಣೆ, ಸಾಲದ ಕಂತುಗಳನ್ನು ಮಕ್ಕಳೆದುರು ಮುಚ್ಚಿಡದೆ ಮಾತನಾಡಲಿ. ಸಂದರ್ಶನದ ಕೋಣೆಯಲ್ಲಿ ಕೃಷಿ ನೀತಿಯ ಪ್ರಶ್ನೆ ಬಂದಾಗ ಮಗಳಿಗೋ ಮಗನಿಗೋ ಆಸರೆಯಾಗುವುದು ಆ ಲೆಕ್ಕವೇ.