ಬಾಡಿಗೆ ಬಾಕಿ ಬಿದ್ದಾಗ ಯಾರ ಬಾಗಿಲು ತಟ್ಟಬೇಕು?

ಕಟ್ಟಾಯದ ನಾಡಕಚೇರಿಗೆ ಹೋದರೆ ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಇದೆ, ವಿಧವಾ ವೇತನಕ್ಕೆ ಇದೆ, ಸಂಧ್ಯಾ ಸುರಕ್ಷೆಗೆ ಇದೆ. ಮೂರು ತಿಂಗಳಿಂದ ಮನೆ ಬಾಡಿಗೆ ಕಟ್ಟಿಲ್ಲ, ಅದಕ್ಕೆ ಯಾವ ಅರ್ಜಿ ಎಂದು ಕೇಳಿದರೆ ಕೊಡಲು ಅಲ್ಲಿ ಏನೂ ಇಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ತಾಲ್ಲೂಕು ಕಚೇರಿಯಲ್ಲೂ ಇಲ್ಲ. ಬಾಕಿ ಬಿದ್ದ ಬಾಡಿಗೆಯನ್ನು ನಮ್ಮ ಪರವಾಗಿ ಕಟ್ಟುವ ಯೋಜನೆ ನಮ್ಮಲ್ಲಿಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಏಕೆಂದರೆ "ಸರ್ಕಾರದಿಂದ ಏನೋ ಬರುತ್ತಂತೆ" ಎಂದು ಕಾಯುತ್ತಾ ಕೂತ ಮನೆಯಲ್ಲಿ ಒಂದು ತಿಂಗಳ ಬಾಕಿ ಆರು ತಿಂಗಳಾಗುತ್ತದೆ.

ಈ ನಿರೀಕ್ಷೆ ಹುಟ್ಟಿದ್ದು ಕೊರೊನಾ ಕಾಲದಲ್ಲಿ. ಅಮೆರಿಕ ಆಗ ಬಾಡಿಗೆದಾರರ ಬಾಕಿ ತೀರಿಸಲೆಂದೇ 4,600 ಕೋಟಿ ಡಾಲರಿಗೂ ಮೀರಿದ ಹಣ ತೆಗೆದಿಟ್ಟಿತ್ತು. ನಮ್ಮಲ್ಲಿ ಬಂದದ್ದು 2020ರ ಮಾರ್ಚ್ 29ರ ಕೇಂದ್ರ ಗೃಹ ಸಚಿವಾಲಯದ ಆದೇಶ: ಕಾರ್ಮಿಕರಿಂದ ಒಂದು ತಿಂಗಳು ಬಾಡಿಗೆ ಕೇಳಬಾರದು, ಕಾರ್ಮಿಕರನ್ನೂ ವಿದ್ಯಾರ್ಥಿಗಳನ್ನೂ ಬಲವಂತದಿಂದ ಹೊರಹಾಕಬಾರದು. ಅದನ್ನೇ ಹಲವರು ಇಂದಿಗೂ "ಬಾಡಿಗೆ ಮನ್ನಾ" ಎಂದು ನೆನೆಯುತ್ತಾರೆ. ಸರ್ಕಾರ ಅಂದು ಯಾರ ಬಾಡಿಗೆಯನ್ನೂ ಕಟ್ಟಲಿಲ್ಲ.

ಹಾಗಾದರೆ ನೆರವೇ ಇಲ್ಲವೇ? ಇದೆ. ಆದರೆ ಒಂದೇ ಕಡೆ ಇಲ್ಲ, ಬಾಡಿಗೆಯ ಹೆಸರಿನಲ್ಲೂ ಇಲ್ಲ. ಅದನ್ನು ಹುಡುಕಿಕೊಂಡು ಹೋಗದಂತೆ ನಮ್ಮನ್ನು ತಡೆಯುವುದು ಕೆಲವು ತಪ್ಪು ನಂಬಿಕೆಗಳು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ಇದು: "ಬಾಕಿ ಉಳಿಸಿಕೊಂಡವರು ನಾವು, ನಮಗೆಲ್ಲಿಯ ಕಾನೂನು? ಓನರು ಬೀಗ ಹಾಕಿದರೆ ಸಾಮಾನು ಎತ್ತಿಕೊಂಡು ಹೋಗುವುದೇ." ಹೀಗೆಂದುಕೊಂಡು ರಾತ್ರೋರಾತ್ರಿ ಊರು ಬಿಟ್ಟವರಿದ್ದಾರೆ. ನಿಜ ಬೇರೆ. ಬಾಡಿಗೆ ಬಾಕಿ ಸಿವಿಲ್ ವ್ಯಾಜ್ಯ. ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಿಕೊಳ್ಳಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ ಮಾಲೀಕರು ಮೊದಲು 15 ದಿನಗಳ ನೋಟಿಸು ಕೊಡಬೇಕು. ನೋಟಿಸು ಬಂದಾಕ್ಷಣ ಮನೆ ಹೋದಂತಲ್ಲ. ಅದಾದ ಮೇಲೆ ದಾವೆ, ಅದಾದ ಮೇಲೆ ಡಿಕ್ರಿ, ಅದರ ಜಾರಿಗೆ ಬರುವವನು ಕೋರ್ಟಿನ ಅಮೀನ. ನಡುವೆ ಬೀಗ ಹಾಕುವುದು, ನೀರು ನಿಲ್ಲಿಸುವುದು, ಕರೆಂಟು ತೆಗೆಸುವುದು, ಪಾತ್ರೆಪಗಡೆ ಬೀದಿಗೆ ಎಸೆಯುವುದು, ಇದಾವುದಕ್ಕೂ ಕಾನೂನಿನ ಒಪ್ಪಿಗೆ ಇಲ್ಲ. ಠಾಣೆಗೆ ಕರೆಸಿ "ನಾಳೆಯೊಳಗೆ ಖಾಲಿ ಮಾಡು" ಎಂದು ಮುಚ್ಚಳಿಕೆ ಬರೆಸಿಕೊಂಡರೆ ಅದು ಕೋರ್ಟಿನ ಆದೇಶವಾಗುವುದಿಲ್ಲ. ಹಾಗೂ ಬಲವಂತದಿಂದ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಕೇಳಬಹುದು. ಆರು ತಿಂಗಳು ದಾಟಿದರೆ ಆ ದಾರಿ ಮುಚ್ಚುತ್ತದೆ. ದಿನಾಂಕ ಬರೆದಿಟ್ಟುಕೊಳ್ಳಿ ಎಂದು ಒತ್ತಿ ಹೇಳುವುದು ಇದಕ್ಕೇ.

ಕೋರ್ಟಿಗೆ ಹೋದ ಮೇಲೂ ಒಂದು ಅವಕಾಶವಿದೆ. ಬಾಡಿಗೆ ಕಟ್ಟಲಿಲ್ಲವೆಂಬ ಕಾರಣಕ್ಕೇ ಕರಾರು ಮುರಿದಿದ್ದರೆ, ವಿಚಾರಣೆಯ ವೇಳೆ ಬಾಕಿಯನ್ನು ಬಡ್ಡಿ, ಖರ್ಚು ಸಮೇತ ಕಟ್ಟುವವರಿಗೆ ಮನೆ ಉಳಿಸಿಕೊಡುವ ಅಧಿಕಾರ ಅದೇ 1882ರ ಕಾಯ್ದೆಯ 114ನೇ ಕಲಮಿನಲ್ಲಿ ನ್ಯಾಯಾಧೀಶರಿಗಿದೆ. ಅದು ಅವರ ವಿವೇಚನೆ, ನಮ್ಮ ಹಕ್ಕಲ್ಲ.

ಇದಕ್ಕೆ ಎದುರು ದಿಕ್ಕಿನ ನಂಬಿಕೆಯೂ ಅಷ್ಟೇ ಅಪಾಯದ್ದು. "ಹನ್ನೆರಡು ವರ್ಷ ಇದ್ದೀವಿ, ಮನೆ ಇನ್ನು ನಮ್ಮದೇ" ಎಂಬುದು ಪೂರ್ತಿ ಸುಳ್ಳು. ಬಾಡಿಗೆದಾರ ಇರುವುದು ಮಾಲೀಕರ ಅನುಮತಿಯಿಂದ. ಎಷ್ಟು ವರ್ಷ ಕಳೆದರೂ ಅನುಮತಿ ಒಡೆತನವಾಗದು. "ಅಡ್ವಾನ್ಸು ಅವರ ಹತ್ತಿರವೇ ಇದೆಯಲ್ಲ, ಎರಡು ತಿಂಗಳು ಕೊಡದಿದ್ದರೆ ಏನು" ಎಂಬುದೂ ಸರಿಯಲ್ಲ. ಮುಂಗಡದಲ್ಲಿ ಮುರಿದುಕೊಳ್ಳಲು ಇಬ್ಬರೂ ಒಪ್ಪಬೇಕು, ಒಪ್ಪಿದ್ದು ಬರಹದಲ್ಲಿರಬೇಕು. 1999ರ ಕರ್ನಾಟಕ ಬಾಡಿಗೆ ಅಧಿನಿಯಮ ನಮ್ಮನ್ನು ಕಾಯುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಬಾಕಿಯ ಬೇಡಿಕೆ ನೋಟಿಸು ಬಂದ ಮೇಲೆ ಎರಡು ತಿಂಗಳ ಕಾಲಾವಕಾಶ ಕೊಡುವ ಒಳ್ಳೆಯ ನಿಯಮ ಅದರಲ್ಲಿದೆ, ನಿಜ. ಆದರೆ ವಾಸದ ಮನೆಗೆ ತಿಂಗಳ ಬಾಡಿಗೆ ದೊಡ್ಡ ನಗರಗಳಲ್ಲಿ 3,500 ರೂಪಾಯಿ, ಉಳಿದೆಡೆ 2,000 ರೂಪಾಯಿ ದಾಟಿದರೆ ಆ ಕಾನೂನು ಅನ್ವಯಿಸುವುದಿಲ್ಲ. ಇವತ್ತು 2,000 ರೂಪಾಯಿಗೆ ಸಂಸಾರ ಹಿಡಿಯುವ ಮನೆ ಪಟ್ಟಣದಲ್ಲಿ ಎಲ್ಲಿ ಸಿಗುತ್ತದೆ? ಕಾನೂನು ಇದೆ, ಅದರ ಮಿತಿ ಮಾತ್ರ ಕಾಲದೊಂದಿಗೆ ನಡೆದಿಲ್ಲ. ಇದು ಬದಲಾಗಲೇಬೇಕಾದ ಮಾತು.

"ವಕೀಲರಿಗೆ ಕೊಡಲು ದುಡ್ಡಿದ್ದರೆ ಬಾಡಿಗೆಯನ್ನೇ ಕಟ್ಟುತ್ತಿದ್ದೆವಲ್ಲ" ಎನ್ನುವವರಿಗೆ ಉತ್ತರ ಹತ್ತಿರದಲ್ಲೇ ಇದೆ. ಹಾಸನದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ. 1987ರ ಕಾಯ್ದೆಯಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು ಆದಾಯದ ಲೆಕ್ಕವಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಉಳಿದವರಿಗೆ ಆದಾಯ ಮಿತಿ ಇದೆ. ನಾಡಕಚೇರಿಯ ಆದಾಯ ಪ್ರಮಾಣಪತ್ರ ಉಪಯೋಗಕ್ಕೆ ಬರುವುದು ಆಗ. ಸಹಾಯವಾಣಿ 15100, ಶುಲ್ಕವಿಲ್ಲ. ಅಲ್ಲಿ ಸಿಗುವ ದೊಡ್ಡ ನೆರವು ಜಗಳವಲ್ಲ, ರಾಜಿ. ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕೂರಿಸಿ, "ತಿಂಗಳ ಬಾಡಿಗೆಯ ಜೊತೆ ಬಾಕಿಯಲ್ಲಿ ಇಷ್ಟಿಷ್ಟು" ಎಂದು ಕಂತು ಮಾಡಿಸಿ ಲೋಕ ಅದಾಲತ್‌ನಲ್ಲಿ ದಾಖಲಿಸಬಹುದು. ಅದಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಹಾಗಾಗಿ ಕಟ್ಟಲಾಗದ ಕಂತಿಗೆ ಸಂಕೋಚದಿಂದ ತಲೆಯಾಡಿಸಬೇಡಿ.

ಮಾಲೀಕರೆಲ್ಲ ಸಾಹುಕಾರರು ಎಂಬುದೂ ತಪ್ಪು ಕಲ್ಪನೆಯೇ. ಹಿಂದಿನ ಕೋಣೆ ಬಾಡಿಗೆಗೆ ಕೊಟ್ಟು ಆ ದುಡ್ಡಲ್ಲಿ ಔಷಧಿ ತರುವ ಒಂಟಿ ಮುದುಕಿಯೂ ಮಾಲೀಕಳೇ. ಮೊದಲ ತಿಂಗಳು ತಪ್ಪಿದಾಗಲೇ ಎದುರು ಹೋಗಿ ಕಾರಣ ಹೇಳಿ, ಕೈಲಾದಷ್ಟು ಕೊಟ್ಟರೆ ಮಾತು ಉಳಿಯುತ್ತದೆ. ನಗದು ಕೊಟ್ಟರೆ ರಸೀದಿ ಕೇಳಿ. ಫೋನ್‌ಪೇ ಮಾಡಿದರೆ "ಮಾರ್ಚ್ ಬಾಡಿಗೆ" ಎಂದು ಅಲ್ಲೇ ಬರೆಯಿರಿ. ಮುಂದೆ ಸಾಕ್ಷಿ ಅದೊಂದೇ.

ಇನ್ನು ಕರೆಂಟು. "ಮೀಟರು ಓನರ ಹೆಸರಲ್ಲಿದೆ, ಗೃಹಜ್ಯೋತಿ ನಮಗೆ ಬರಲ್ಲ" ಎಂದುಕೊಂಡು ಬಿಲ್ಲು ಕಟ್ಟುತ್ತಿರುವವರು ಇನ್ನೂ ಇದ್ದಾರೆ. 2023ರ ಜುಲೈಯಿಂದ ಜಾರಿಯಲ್ಲಿರುವ ಈ ಯೋಜನೆ ಬಾಡಿಗೆದಾರರಿಗೂ ಇದೆ. ಬಾಡಿಗೆ ಕರಾರು ತೋರಿಸಿ ನಿಮ್ಮ ಆಧಾರ್ ಅನ್ನು ಆ ಮೀಟರಿಗೆ ಸೇವಾಸಿಂಧುವಿನಲ್ಲಿ ಜೋಡಿಸಬೇಕು. ಹಳೆಯ ಮನೆಯ ಜೋಡಣೆಯನ್ನು ಮೊದಲು ಕಳಚಬೇಕು. ಉಚಿತದ ಪ್ರಮಾಣ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಲ್ಲುತ್ತದೆ, 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು. ಅಡಚಣೆಯಾದರೆ ನಮ್ಮ ಜಿಲ್ಲೆಯಲ್ಲಿ ಕೇಳಬೇಕಾದದ್ದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕಚೇರಿಯನ್ನು. ಅರಕಲಗೂಡಿನಿಂದ ಹಾಸನದ ಗಾರ್ಮೆಂಟ್ಸಿಗೆ ಬಂದು ನೆಲೆಸಿದವರು ರೇಷನ್ನಿಗಾಗಿ ಊರಿಗೆ ಬಸ್ಸು ಹತ್ತಬೇಕಿಲ್ಲ, ಹಾಸನದ ನ್ಯಾಯಬೆಲೆ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು.

ಬಾಕಿ ಬೀಳುವುದು ಬಹಳ ಸಲ ಕಾಯಿಲೆಯಿಂದ. ಇ.ಎಸ್.ಐ. ಕಡಿತವಾಗುವ ಕಾರ್ಮಿಕರಿಗೆ, ಅಗತ್ಯ ದಿನಗಳ ವಂತಿಗೆ ಇದ್ದರೆ, ವೈದ್ಯರ ಪ್ರಮಾಣಪತ್ರದ ಮೇಲೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70ರಷ್ಟು ಹಣ ಸಿಗುತ್ತದೆ. ಇ.ಎಸ್.ಐ. ಎಂದರೆ ಬರೀ ಮಾತ್ರೆ ಎಂದುಕೊಂಡವರು ಇದನ್ನು ಬಿಟ್ಟುಕೊಡುತ್ತಾರೆ. ಊರಿಂದ ಹಾಸನಕ್ಕೆ ಬಂದು ರೂಮು ಮಾಡಿರುವ, ಹಾಸ್ಟೆಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು ಊಟ, ವಸತಿಗೆಂದು ಕೊಡುವ ಯೋಜನೆಯಾಗಿ ಅದು ಬಂದದ್ದು.

ಕಾನೂನು ನೇರವಾಗಿ "ಬಾಡಿಗೆ ಕೊಡು" ಎಂದು ಆದೇಶಿಸುವ ಸಂದರ್ಭ ಒಂದಿದೆ. ಗಂಡನ ಹೊಡೆತ ತಾಳದೆ ಹೊರಬಂದ ಹೆಣ್ಣುಮಗಳಿಗೆ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಲು, ಅಥವಾ ಅದರ ಬಾಡಿಗೆ ಕಟ್ಟಲು, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 19ನೇ ಕಲಮಿನಡಿ ಮ್ಯಾಜಿಸ್ಟ್ರೇಟರು ಆತನಿಗೆ ಆಜ್ಞೆ ಮಾಡಬಹುದು. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ, ಸಹಾಯವಾಣಿ 181. "ಹೊರಗೆ ಬಂದರೆ ಬಾಡಿಗೆ ಯಾರು ಕಟ್ಟುತ್ತಾರೆ" ಎಂಬ ಒಂದೇ ಹೆದರಿಕೆಗೆ ಹೊಡೆತ ಸಹಿಸಿ ಉಳಿದವರಿಗೆ ಇದನ್ನು ಯಾರಾದರೂ ಹೋಗಿ ಹೇಳಬೇಕು.

ಮಳೆಗೆ ಬಾಡಿಗೆ ಮನೆ ಕುಸಿದರೆ "ಪರಿಹಾರವೆಲ್ಲ ಮಾಲೀಕರಿಗೆ" ಎಂಬ ಮಾತು ಅರ್ಧ ಸತ್ಯ. ಗೋಡೆ, ಚಾವಣಿಯ ಹಣ ಅವರಿಗೆ. ಆದರೆ 2022ರಲ್ಲಿ ಪರಿಷ್ಕರಿಸಿದ ವಿಪತ್ತು ನಿಧಿಯ ಮಾನದಂಡದಂತೆ ಬಟ್ಟೆಗೆ 2,500, ಪಾತ್ರೆಗೆ 2,500 ರೂಪಾಯಿ ಅಲ್ಲಿ ವಾಸವಿದ್ದ ಕುಟುಂಬಕ್ಕೆ. ಕಾವೇರಿ ಉಕ್ಕಿದಾಗಲೆಲ್ಲ ಆತಂಕಪಡುವ ರಾಮನಾಥಪುರದ ನದಿದಡದವರು ತಡಮಾಡದೆ ಗ್ರಾಮ ಆಡಳಿತಾಧಿಕಾರಿಯನ್ನು ಕರೆಸಿ ತಮ್ಮ ನಷ್ಟವನ್ನು ಬರೆಸಬೇಕು.

"ಬಸವ ವಸತಿಯಲ್ಲಿ ಮನೆ ಮಂಜೂರಾಗಲಿ, ಆ ದುಡ್ಡಲ್ಲಿ ಬಾಕಿ ತೀರಿಸೋಣ" ಎಂಬ ಲೆಕ್ಕಾಚಾರವೂ ಬೇಡ. ಅದು ತಳಪಾಯ, ಲಿಂಟಲ್, ಚಾವಣಿ ಎಂದು ಹಂತಹಂತದ ಫೋಟೋ ನೋಡಿ ಬಿಡುಗಡೆಯಾಗುವ ಹಣ. ಆಯ್ಕೆ ನಡೆಯುವುದು ಗ್ರಾಮಸಭೆಯಲ್ಲಿ. ಮಧ್ಯವರ್ತಿಗೆ ಕೊಟ್ಟ ದುಡ್ಡು ಇನ್ನೊಂದು ಬಾಕಿಯಷ್ಟೇ.

ಕೊನೆಯದು ಸಾಲ. ಬಾಡಿಗೆಗೆಂದು ಮೀಟರ್ ಬಡ್ಡಿಗೆ ಕೈಯೊಡ್ಡುವುದೇ ತುರ್ತು ನೆರವು ಎಂಬಂತೆ ಆಗಿಬಿಟ್ಟಿದೆ. ಅದಕ್ಕಿಂತ ಮೊದಲು ನಿಮ್ಮದೇ ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಉಳಿತಾಯದಿಂದ ಒಳಸಾಲ ಕೇಳಿ. ತೀರ್ಮಾನ ಮಾಡುವವರು ನಿಮ್ಮ ಕಷ್ಟ ಕಣ್ಣಾರೆ ಕಂಡ ಸದಸ್ಯರು. ಈಗಾಗಲೇ ಬಡ್ಡಿಯವರ ಕಾಟಕ್ಕೆ ಸಿಕ್ಕಿದ್ದರೆ, ಬಲವಂತದ ವಸೂಲಿಯ ವಿರುದ್ಧ 2025ರ ಫೆಬ್ರುವರಿಯಲ್ಲಿ ರಾಜ್ಯ ತಂದ ಸುಗ್ರೀವಾಜ್ಞೆ, ನಂತರ ಅದೇ ಕಾನೂನಾದದ್ದು, ಹತ್ತು ವರ್ಷಗಳವರೆಗಿನ ಜೈಲು ಶಿಕ್ಷೆಯನ್ನು ಹೇಳುತ್ತದೆ. ದೂರು ಕೊಡಿ.

ಇದನ್ನು ಓದುತ್ತಿರುವ ನಿಮಗೆ ಬಾಡಿಗೆಯ ಚಿಂತೆ ಇಲ್ಲದಿರಬಹುದು. ಪಕ್ಕದ ಬೀದಿಯಲ್ಲಿ ಯಾರದೋ ಸಾಮಾನು ಹೊರಗೆ ಬಿದ್ದದ್ದು ಕಂಡರೆ ನಿಂತು ನೋಡಿ ಹೋಗಬೇಡಿ. 15100ಕ್ಕೆ ನೀವೇ ಫೋನ್ ಮಾಡಿ ಅವರ ಕೈಗೆ ಕೊಡಿ.