ನೇತ್ರಾಣಿಯ ಆಳ, ಹುಬ್ಬಳ್ಳಿಯ ಎತ್ತರ

ಉತ್ತರ ಕನ್ನಡದ ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ಹವಳ ಮತ್ತು ಬಣ್ಣಬಣ್ಣದ ಮೀನುಗಳನ್ನು ಅವುಗಳ ಮನೆಯಲ್ಲೇ ನೋಡಬಯಸುವ ಕೊಪ್ಪಳ, ಕುಷ್ಟಗಿ, ಯಲಬುರ್ಗಾದ ಕುಟುಂಬಗಳಿಗೆ ಇದು ಅನುಕೂಲದ ಜಾಗ. ಮಳೆಗಾಲದಲ್ಲಿ ದೋಣಿ ಹೊರಡುವುದಿಲ್ಲ. ಅದು ಮುಗಿದ ನಂತರವೇ ಪ್ರವಾಸದ ಮಾತು.

ಮುಖವನ್ನು ನೀರಿಗಿಟ್ಟು ತೇಲುತ್ತ ಕೊಳವೆಯಿಂದ ಉಸಿರಾಡುವುದು ಸ್ನಾರ್ಕೆಲಿಂಗ್. ಸಿಲಿಂಡರ್ ಹೊತ್ತು ಮುಳುಗುವುದು ಸ್ಕೂಬಾ. ಕೊಳವೆ ಉದ್ದವಾದಷ್ಟೂ ಆಳಕ್ಕಿಳಿಯಬಹುದೆಂಬ ನಂಬಿಕೆ ಶುದ್ಧ ಸುಳ್ಳು. ಜೊಂಡಿನ ಕೊಳವೆ ಕಚ್ಚಿ ಕೆರೆಯ ತಳದಲ್ಲಿ ಅಡಗುವ ಸಿನಿಮಾ ನಾಯಕ ನಿಜದಲ್ಲಿ ಬದುಕಲಾರ. ಒಂದು ಮೀಟರ್ ಆಳದಲ್ಲೇ ನೀರು ಎದೆಯನ್ನು ಎಷ್ಟು ಒತ್ತುತ್ತದೆಂದರೆ ಉಸಿರೆಳೆಯುವುದೇ ದೊಡ್ಡ ಸಾಹಸವಾಗುತ್ತದೆ. ಜೊತೆಗೆ, ಬಿಟ್ಟ ಗಾಳಿ ಉದ್ದ ಕೊಳವೆಯಲ್ಲೇ ಉಳಿದು ಮತ್ತೆ ಒಳಬರುತ್ತದೆ.

ಹತ್ತು ಮೀಟರ್ ಆಳದಲ್ಲಿ ಒತ್ತಡ ಮೇಲಿನದರ ಎರಡರಷ್ಟು. ಅಲ್ಲಿ ಎಳೆದುಕೊಂಡ ಗಾಳಿ ಮೇಲೇರುವಾಗ ಇಮ್ಮಡಿ ಹಿಗ್ಗುವುದರಿಂದ ಸ್ಕೂಬಾದಲ್ಲಿ ಉಸಿರು ಬಿಗಿಹಿಡಿದರೆ ಶ್ವಾಸಕೋಶವೇ ಹರಿದೀತು. ಇಳಿಯುವಾಗ ಮೂಗು ಹಿಡಿದು ಮೆಲ್ಲಗೆ ಊದಿ ಕಿವಿ ಬಿಡಿಸಿಕೊಳ್ಳಬೇಕು. ನೆಗಡಿಯಾಗಿದ್ದವರು ಆ ದಿನ ದೋಣಿಯಲ್ಲೇ ಕೂರುವುದು ಲೇಸು.

ಒಳನಾಡಿನವರ ಗಮನಕ್ಕೆ ಬಾರದ ಸಂಗತಿ ಇನ್ನೊಂದಿದೆ. ಒತ್ತಡದಲ್ಲಿ ಉಸಿರಾಡಿದಾಗ ಹೆಚ್ಚುವರಿ ಸಾರಜನಕ ರಕ್ತ, ಕೊಬ್ಬುಗಳಲ್ಲಿ ಕರಗುತ್ತದೆ. ಒತ್ತಡ ಥಟ್ಟನೆ ತಗ್ಗಿದರೆ ಗೋಲಿ ಸೋಡಾ ಒಡೆದಂತೆ ಗುಳ್ಳೆಯೇಳುತ್ತದೆ. ಸ್ಕೂಬಾ ಮುಗಿಸಿದ ದಿನ ವಿಮಾನ ಹತ್ತಬಾರದೆನ್ನುವುದು ಇದಕ್ಕೇ. ಕೊಪ್ಪಳದವರು ಊರಿಗೆ ಮರಳಲು ವಿಮಾನ ಹತ್ತುವುದಿಲ್ಲ, ನಿಜ. ಆದರೆ ಅಂಕೋಲಾ ದಾಟಿ ಅರಬೈಲು ಘಟ್ಟ ಹತ್ತುತ್ತಾರೆ. ಆ ದಾರಿಯಲ್ಲಿ ಸಿಗುವ ಹುಬ್ಬಳ್ಳಿ ಇರುವುದು ಸಮುದ್ರಮಟ್ಟದಿಂದ 600 ಮೀಟರಿಗೂ ಮೇಲೆ. ಮುಳುಗಿದವರಿಗೆ ಎತ್ತರದ ಎಚ್ಚರಿಕೆ ಶುರುವಾಗುವುದೂ ಸುಮಾರು ಅಲ್ಲಿಂದಲೇ. ತುಸು ಹೊತ್ತಿನ ಆಳವಿಲ್ಲದ ಮುಳುಗಿನಲ್ಲಿ ಅಪಾಯ ಕಡಿಮೆಯೇ. ಆದರೂ ಒಂದೇ ಮುಳುಗಿಗೆ 12 ಗಂಟೆ, ಒಂದಕ್ಕಿಂತ ಹೆಚ್ಚು ಮುಳುಗಿಗೆ 18 ಗಂಟೆ ವಿರಾಮ ಕೊಡಬೇಕೆಂಬ ವಿಮಾನದ ನಿಯಮವನ್ನೇ ಘಟ್ಟಕ್ಕೂ ಅನ್ವಯಿಸಿಕೊಂಡರೆ ನಷ್ಟವಿಲ್ಲ. ಬರೀ ಸ್ನಾರ್ಕೆಲಿಂಗ್ ಮಾಡಿದವರಿಗೆ ಈ ತೊಡಕಿಲ್ಲ. ಅವರು ಉಸಿರಾಡಿದ್ದು ಮೇಲಿನ ಗಾಳಿಯನ್ನೇ.

ಗಂಗಾವತಿಯ ಕಾಲುವೆಯಲ್ಲಿ ಈಜು ಕಲಿತ ಧೈರ್ಯ ಸಮುದ್ರದ ಸೆಳೆತಕ್ಕೆ ಸಾಲದು. ದೋಣಿಯಲ್ಲೂ ಸ್ನಾರ್ಕೆಲಿಂಗಿನಲ್ಲೂ ಲೈಫ್ ಜಾಕೆಟ್ ಎಲ್ಲರಿಗೂ ಬೇಕು, ಮಕ್ಕಳ ಪಕ್ಕದಲ್ಲಿ ಈಜು ಬಲ್ಲ ದೊಡ್ಡವರೊಬ್ಬರು ಇರಬೇಕು. ಹವಳ ಕಲ್ಲಲ್ಲ, ಜೀವ. ಅದನ್ನು ಮುಟ್ಟಬಾರದು, ಮೆಟ್ಟಬಾರದು. ಸ್ಕೂಬಾ ಮಾಡಿದವರು ಆ ರಾತ್ರಿ ಮುರ್ಡೇಶ್ವರದಲ್ಲೇ ತಂಗಿ, ಮರುದಿನ ಘಟ್ಟ ಹತ್ತಲಿ.