ದೇವರಾಜ ಮಾರುಕಟ್ಟೆ: ಕುಸಿದ ಮೂಲೆಯ ಪಕ್ಕದಲ್ಲೇ ವ್ಯಾಪಾರ

ಹೂವಿನ ಸಾಲಿನಲ್ಲಿ ಮಲ್ಲಿಗೆಯನ್ನು ಮೊಳ ಹಾಕಿ ಅಳೆದ ಮೇಲೂ ಕೈ ನಿಲ್ಲುವುದಿಲ್ಲ. ಇನ್ನೊಂದು ಗೇಣು ಕೊಸರು ಸೇರಿಸಿ, ಬಾಳೆಲೆಯಲ್ಲಿ ಸುತ್ತಿ, ನಾರಿನಿಂದ ಬಿಗಿದು ಕೊಡುತ್ತಾರೆ. ಪಕ್ಕದ ಕಟ್ಟೆಯ ಮೇಲೆ ಕುಂಕುಮ, ಅರಿಶಿನ, ಬಣ್ಣದ ಪುಡಿ ಗೋಪುರದ ಹಾಗೆ ಚೂಪಾಗಿ ನಿಂತಿವೆ. ಮುಂದೆ ವೀಳ್ಯದೆಲೆಯ ಕಟ್ಟುಗಳು, ಹಗ್ಗಕ್ಕೆ ತೂಗುಬಿದ್ದ ಬಾಳೆಗೊನೆಗಳು. ಮೈಸೂರಿನ ನಡುಮಧ್ಯೆ, ಸಯ್ಯಾಜಿರಾವ್ ರಸ್ತೆಗೆ ಬೆನ್ನು ಕೊಟ್ಟು ನಿಂತ ಈ ಮಾರುಕಟ್ಟೆಗೆ ನೂರು ವರ್ಷ ದಾಟಿ ಎಷ್ಟೋ ಕಾಲವಾಯಿತು.

ಧನ್ವಂತರಿ ರಸ್ತೆಯ ಕಡೆಗೆ ನಡೆದರೆ ಗದ್ದಲ ಅಡಗುತ್ತದೆ. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಉತ್ತರದ ಭಾಗ ಕುಸಿಯಿತು. ಅದಕ್ಕೂ 4 ವರ್ಷ ಮೊದಲು ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಪಾಲು ಉರುಳಿ ನಾಲ್ವರ ಜೀವ ಹೋಗಿತ್ತು. ಹಳೆ ಪುಸ್ತಕ ಹುಡುಕಲು ಊರಿನವರು ಹೋಗುತ್ತಿದ್ದ ಸಾಲು ಅದು. ಅಲ್ಲಿನ ಅಂಗಡಿಗಳನ್ನು ತೆರವು ಮಾಡಿಸಿದರು, ಕಟ್ಟಡ ಮಾತ್ರ ಎದ್ದು ನಿಲ್ಲಲಿಲ್ಲ. ದೇವರಾಜ ಮಾರುಕಟ್ಟೆಯ ವ್ಯಾಪಾರಿಗಳಿಗೆ ‘ತಾತ್ಕಾಲಿಕ ಸ್ಥಳಾಂತರ’ ಎಂದರೆ ಎದೆ ಝಲ್ಲೆನ್ನುವುದು ಇದಕ್ಕೇ.

ಮಾರುಕಟ್ಟೆಯನ್ನು ಕೆಡವಿ ಹಳೆಯ ಶೈಲಿಯಲ್ಲೇ ಹೊಸದು ಕಟ್ಟುತ್ತೇವೆ ಎಂಬುದು ಸರ್ಕಾರ, ಪಾಲಿಕೆಯ ನಿಲುವು. ಸುಣ್ಣದ ಗಾರೆಯ ಗೋಡೆಯನ್ನು ಬಲಪಡಿಸಿ ಉಳಿಸಬಹುದು ಎಂಬುದು ಪರಂಪರೆ ತಜ್ಞರ ವಾದ. ಸಮಿತಿಗಳು ಬಂದವು, ಹೈಕೋರ್ಟ್ ಮೆಟ್ಟಿಲೂ ಹತ್ತಿದ್ದಾಯಿತು. ಅಷ್ಟರಲ್ಲಿ ಎಷ್ಟು ಮಳೆಗಾಲ ಆ ಛಾವಣಿಯ ಮೇಲೆ ಸುರಿದು ಹೋದವೋ!

ಪ್ಲೇಗ್ ಮಾರಿಯ ಬಳಿಕ 1903ರಲ್ಲೇ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಕಟ್ಟಿಕೊಂಡ ಊರು ಇದು. ಇಕ್ಕಟ್ಟಿನ ಕೇರಿ ಬಿಡಿಸಿ, ಅಗಲ ರಸ್ತೆ ತೆಗೆದು ಹೊಸ ಬಡಾವಣೆ ಮಾಡುವುದು ಆಗಿನ ತುರ್ತು. ಈಗಿನದು ಬೇರೆ: ಜನರನ್ನು ಎಬ್ಬಿಸದೆಯೇ ಊರ ನಡುವನ್ನು ಗಟ್ಟಿ ಮಾಡಬೇಕು. ನನ್ನ ಮಟ್ಟಿಗೆ, ಒಂದೊಂದೇ ಸಾಲನ್ನು ಬಿಚ್ಚಿ ಕಟ್ಟುತ್ತಾ, ಉಳಿದ ಸಾಲುಗಳಲ್ಲಿ ವ್ಯಾಪಾರ ನಡೆಯಲು ಬಿಡುವುದೇ ದಾರಿ. ನಿಧಾನ ಆದೀತು, ಆಗಲಿ. ಇಲ್ಲಿನ ಗಿರಾಕಿಗಳು ಗೋಡೆ ನೋಡಿ ಬರುವವರಲ್ಲ. ಇಂಥವರ ಎಲೆ, ಇಂಥವರ ಹೂವು ಎಂದು ಹುಡುಕಿಕೊಂಡು ಬರುವವರು. ಆ ಕೊಂಡಿ 2 ವರ್ಷ ಕಳಚಿದರೆ ಮತ್ತೆ ಕೂಡುವುದು ಕಷ್ಟ.

ಕೆಡವುವುದೇ ಆದರೆ, ಮೊದಲ ಹಾರೆ ಬೀಳುವ ಮುನ್ನ ಪ್ರತಿ ಅಂಗಡಿಯವರ ಕೈಗೂ ಒಂದು ಕಾಗದ ಸೇರಬೇಕು: ಹೋಗುವುದು ಎಲ್ಲಿಗೆ, ಎಷ್ಟು ತಿಂಗಳಿಗೆ, ಮರಳಿ ಬಂದಾಗ ಯಾವ ಸಾಲಿನಲ್ಲಿ ಯಾವ ಮಳಿಗೆ, ಬಾಡಿಗೆ ಎಷ್ಟು.